ಮತ್ತೋಡಿನ ಬಳೆ ಮತ್ತು ಭೇದದ ವಿಚಾರ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಹಿಂದೊಮ್ಮೆ ಪಾಳೆಯಗಾರರು ಆಳಿದ ಊರು. ಆದರೂ ಆ ಊರಿನ ಹೆಸರನ್ನು ಹೊರನಾಡಿನ ಗ್ರಂಥಗಳವರೆಗೆ ಒಯ್ದದ್ದು ಅವರ ಕತ್ತಿಗಿಂತ ಹೆಚ್ಚಾಗಿ ಅಲ್ಲಿನ ಕುಲುಮೆಗಳಲ್ಲಿ ಕರಗಿ ಬಳೆಯಾಗುತ್ತಿದ್ದ ಗಾಜು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿಬರಲು ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1800–01ರ ಆ ಸಂಚಾರದಲ್ಲಿ ಮತ್ತೋಡಿನ ಗಾಜಿನ ಕೆಲಸವನ್ನೂ ನಿಂತು ನೋಡಿದನು. ಅಲ್ಲಿಯ ಗಾಜು ಒರಟಾದುದು, ಬೆಳಕು ಹಾಯದ್ದು. ಅದರಲ್ಲಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಗೆಗಳುಂಟು. ಗಿರಾಕಿ ಹೆಚ್ಚಾಗಿರುವುದು ಕಪ್ಪಿಗೆ ಎಂಬಿಷ್ಟು ಸಂಗತಿ 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ದಾಖಲಾಗಿದೆ.

ಆ ಕಪ್ಪಿನ ವಿಷಯವಾಗಿ ನನ್ನ ಬಾಲ್ಯದ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ನಮ್ಮ ಮನೆಯ ಜಗಲಿಗೆ ಬರುತ್ತಿದ್ದ ವೃದ್ಧ ಬಳೆಗಾರನು ಹೆಗಲ ಮೇಲಣ ಮಲಾರವನ್ನು ಇಳಿಸಿ, ‘ಬಳೆ ಹೆಚ್ಚಿದೆ’ ಎಂದು ಬರಿಗೈ ಚಾಚಿ ಕುಳಿತಿದ್ದ ನನ್ನ ಅಜ್ಜಿಗೆ ಎರಡು ಕರಿಯ ಬಳೆಗಳನ್ನು ತೋರಿಸಿದನು. ಜಗಲಿಯ ನೆರಳಿನಲ್ಲಿ ಎರಡೂ ಕಾಡಿಗೆಯಂತೆ ಕಪ್ಪಾಗಿದ್ದುವು. ಅವೆರಡನ್ನೂ ಒಂದೇ ಬೆರಳಿಗೆ ಸಿಕ್ಕಿಸಿಕೊಂಡು ಅಂಗಳದ ಬಿಸಿಲಿಗೆ ಹಿಡಿದಾಗ ಒಂದರ ತೆಳುವಾದ ಅಂಚು ಪಾಚಿಯ ಹಸಿರಾಗಿಯೂ ಇನ್ನೊಂದರ ಅಂಚು ನೇರಳೆಹಣ್ಣಿನ ರಸದ ಬಣ್ಣವಾಗಿಯೂ ಕಂಡಿತು. ‘ಇದು ಬೇರೆ ಒಲೆಯದು ತಾಯಿ’ ಎಂದು ಅವನು ಒಂದನ್ನು ಪಕ್ಕಕ್ಕೆ ಇಟ್ಟನು. ಕಬ್ಬಿಣದ ಅಂಶ ಮಿಕ್ಕಿದ್ದರೆ ಹಸಿರು ಛಾಯೆ, ಮ್ಯಾಂಗನೀಸ್ ಇದ್ದರೆ ನೇರಳೆಯ ಛಾಯೆ ಎಂಬುದನ್ನು ನಾನು ತಿಳಿದದ್ದು ಬಹುಕಾಲದ ಮೇಲೆ. ಆದರೆ ಆ ಮುದುಕನ ಪರೀಕ್ಷೆಯ ಜಾಣ್ಮೆ ಎಲ್ಲಿತ್ತೆಂಬುದು ಈಗ ಸ್ಪಷ್ಟವಾಗಿ ತೋರುತ್ತದೆ: ಬಳೆಗಳ ದಪ್ಪ ಒಂದೇ, ಹಿಡಿದ ಬೆರಳು ಒಂದೇ, ಹಾಯ್ದ ಬಿಸಿಲು ಒಂದೇ, ಆದಕಾರಣ ಕಂಡ ಭೇದವು ಗಾಜಿನದೇ ಆಗಿರಬೇಕಾಯಿತು. ಎರಡು ವಸ್ತುಗಳನ್ನು ಬೇರೆ ಬೇರೆ ಎಂದು ನಿಶ್ಚಯಿಸುವುದಕ್ಕೆ ಮೊದಲು ಯಾವ ಯಾವ ಅಂಶಗಳಲ್ಲಿ ಅವುಗಳನ್ನು ಸಮವಾಗಿ ಹಿಡಿದಿದ್ದೇವೆಂದು ಕೇಳಿಕೊಳ್ಳಬೇಕು. ನಾನು ಬಲ್ಲ ಮಟ್ಟಿಗೆ ಶಾಸ್ತ್ರಜ್ಞರ ಶ್ರಮವೆಲ್ಲ ಬಹುಮಟ್ಟಿಗೆ ಈ ಸಮತೆಯನ್ನು ಸಾಧಿಸುವುದರಲ್ಲಿಯೇ ವ್ಯಯವಾಗಿದೆ.

ನಮ್ಮ ತರ್ಕಶಾಸ್ತ್ರದ ಮೊದಲ ಪಾಠವೂ ಇದರ ಸಮೀಪದ್ದೇ. ಹಸುವಿನ ಲಕ್ಷಣವೇನು ಎಂಬ ಪ್ರಶ್ನೆಗೆ ‘ಕಪಿಲವರ್ಣ’ ಎಂದರೆ ಅವ್ಯಾಪ್ತಿ, ಏಕೆಂದರೆ ಬಿಳಿಯ ಹಸುವೂ ಉಂಟು; ‘ಕೊಂಬು’ ಎಂದರೆ ಅತಿವ್ಯಾಪ್ತಿ, ಎಮ್ಮೆಗೂ ಕೊಂಬಿದೆ; ‘ಸೀಳಿಲ್ಲದ ಒಂಟಿ ಗೊರಸು’ ಎಂದರೆ ಅಸಂಭವ. ಕೊನೆಗೆ ನಿಲ್ಲುವುದು ಸಾಸ್ನಾ, ಎಂದರೆ ನಮ್ಮ ಕಡೆಯವರು ಗಂಗೆದೊಗಲು ಎನ್ನುವ ಕೊರಳ ಕೆಳಗಣ ಜೋಲು ಚರ್ಮ. ಈ ವಿವೇಚನೆಯ ಅಂದವನ್ನು ಎಷ್ಟು ಮೆಚ್ಚಿದರೂ ಸಾಲದು. ಆದರೆ ಅಮೃತಮಹಲ್ ಕಾವಲುಗಳ ಈ ಚಿತ್ರದುರ್ಗ ಜಿಲ್ಲೆಯಲ್ಲಿ ದನ ಕಾಯ್ದು ಬೆಳೆದವನು ಒಂದು ಮಾತನ್ನು ಸೇರಿಸುತ್ತಾನೆ. ಅಮೃತಮಹಲ್ ದನಗಳಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂದು ಮೂರು ಮೂಲದ ತಳಿಗಳನ್ನು ಹಿಂದಿನವರು ಎಣಿಸಿದ್ದರು. ಈ ಮೂರನ್ನು ಒಂದರಿಂದೊಂದು ಬೇರ್ಪಡಿಸಲು ಹೊರಟವನಿಗೆ ಗಂಗೆದೊಗಲು ಇದೆ ಎಂಬ ಅರಿವಿನಿಂದ ಯಾವ ಉಪಕಾರವೂ ಇಲ್ಲ. ಗೋವನ್ನು ಗೋವಲ್ಲದುದರಿಂದ ಬೇರ್ಪಡಿಸಿದ ಚಿಹ್ನೆಯು ಗೋವಿನಿಂದ ಗೋವನ್ನು ಬೇರ್ಪಡಿಸಲಾರದು. ಅಲ್ಲಿ ಕೊಂಬಿನ ಬಾಗು, ಹಣೆಯ ನಡುವಣ ಗೆರೆ, ಮುಖದ ನೀಳ ಇವು ಮಾತನಾಡಬೇಕು. ವ್ಯಾವರ್ತಕ ಲಕ್ಷಣವೆಂಬುದು ಯಾವ ವಸ್ತುವಿಗೂ ಸರ್ವಕಾಲದ ಸ್ವತ್ತಾಗಿರುವುದಿಲ್ಲ. ಪಕ್ಕದಲ್ಲಿ ಏನನ್ನು ನಿಲ್ಲಿಸಿದೆವು ಎಂಬುದರ ಮೇಲೆ ಅದು ಬದಲಾಗುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಒಂದೇ ಹಟ್ಟಿಯ ದನಗಳಲ್ಲಿಯೂ ಒಂದರಂತೆ ಒಂದಿರುವುದಿಲ್ಲ. ಒಂದು ಊರಿನ ಜನರೊಳಗಣ ಎತ್ತರದ ಅಂತರವು ಆ ಊರಿಗೂ ನೆರೆಯೂರಿಗೂ ಇರುವ ಸರಾಸರಿ ಅಂತರಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರಬಹುದು. ಹಾಗಾದರೆ ಗುಂಪಿಗೂ ಗುಂಪಿಗೂ ನಿಜವಾದ ಭೇದವಿದೆಯೆಂದು ಯಾವಾಗ ಹೇಳಬಹುದು? ಈ ಪ್ರಶ್ನೆಗೆ ಗಣಿತದ ಭಾಷೆಯಲ್ಲಿ ಉತ್ತರ ಕೊಟ್ಟವರಲ್ಲಿ ಅಗ್ರಗಣ್ಯರೊಬ್ಬರು ನಮ್ಮ ನೆರೆಯ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಜನಿಸಿದ ಸಿ. ಆರ್. ರಾವ್ ಅವರು ಎಂಬುದನ್ನು ಅಭಿಮಾನದಿಂದಲೇ ಹೇಳುತ್ತೇನೆ. ಕಲ್ಕತ್ತೆಯಲ್ಲಿ ಅವರ ಹಿರಿಯರಾಗಿದ್ದ ಪ್ರಶಾಂತಚಂದ್ರ ಮಹಲನೋಬಿಸ್ ಅವರು 1936ರಲ್ಲಿ ಎರಡು ಗುಂಪುಗಳ ನಡುವಣ ‘ದೂರ’ವನ್ನು ಅಳೆಯುವ ಒಂದು ಮಾನವನ್ನು ಪ್ರಕಟಿಸಿದ್ದರು. ಮೂಗು ನೀಳವಾದವನ ಮುಖವೂ ಸಾಮಾನ್ಯವಾಗಿ ನೀಳವಾಗಿರುತ್ತದಾದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿದರೆ ಒಂದೇ ಭೇದವನ್ನು ಎರಡು ಸಲ ಎಣಿಸಿದಂತಾಗುವುದಷ್ಟೆ. ಆ ಪುನರುಕ್ತಿಯನ್ನು ಕಳೆದು, ಗುಂಪಿನೊಳಗಣ ಸಹಜವಾದ ಏರಿಳಿತವನ್ನೇ ಅಳತೆಗೋಲಾಗಿ ಮಾಡಿಕೊಂಡು ಗುಂಪುಗಳ ನಡುವಣ ಅಂತರವನ್ನು ಅಳೆಯುವುದು ಆ ಮಾನದ ಮರ್ಮ. ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳನ್ನು ಪರೀಕ್ಷಿಸಲು 1946ರಲ್ಲಿ ಕೇಂಬ್ರಿಜ್ಜಿಗೆ ಹೋದ ತರುಣ ರಾಯರು ಈ ವಿಧಾನವನ್ನು ಬೆಳೆಸಿ, ಅನೇಕ ಅಳತೆಗಳನ್ನು ಒಟ್ಟಿಗೆ ಉಪಯೋಗಿಸಿ ಒಂದು ವಸ್ತುವನ್ನು ಹಲವು ಗುಂಪುಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂದು ನಿರ್ಧರಿಸುವ ಬಗೆಯನ್ನು 1948ರ ಪ್ರಬಂಧದಲ್ಲಿ ವಿವರಿಸಿದರು. ತಲೆಬುರುಡೆಗಾಗಿ ಹುಟ್ಟಿದ ಆ ವಿಧಾನವು ಇಂದು ಬೀಜ, ಮಡಕೆ, ಗಾಜು, ರೋಗನಿದಾನ ಎಲ್ಲಕ್ಕೂ ಬಳಕೆಯಾಗುತ್ತಿದೆ.

ಇಲ್ಲಿ ಒಂದು ಕಹಿಯಾದ ಮಾತನ್ನು ಬಿಡುವಂತಿಲ್ಲ. ಇದೇ ಅಳೆಯುವ ಕೆಲಸವನ್ನು ರಿಸ್ಲಿ ಎಂಬ ಅಧಿಕಾರಿಯು ಮೂಗಿನ ಅಗಲ ನೀಳಗಳ ಪ್ರಮಾಣದಿಂದ ಜಾತಿಗಳ ಮೇಲು ಕೀಳನ್ನು ಸ್ಥಾಪಿಸಲು ಹಿಂದೆ ಉಪಯೋಗಿಸಿದ್ದನು. ಜಿ. ಎಸ್. ಘುರ್ಯೆ ಅವರು 1932ರಲ್ಲಿ ಅವೇ ಅಳತೆಗಳನ್ನು ಪ್ರಾಂತ ಪ್ರಾಂತವಾಗಿ ಇಟ್ಟು ನೋಡಿ, ಉತ್ತರದ ಒಂದು ಸೀಮೆಯನ್ನು ಬಿಟ್ಟರೆ ಬೇರೆಲ್ಲಿಯೂ ಆ ಸಿದ್ಧಾಂತವು ನಿಲ್ಲುವುದಿಲ್ಲವೆಂದು ತೋರಿಸಿದರು. ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಲಿಸಲು ಕುಳಿತವನ ಅಳತೆಗೋಲು ಎಷ್ಟು ನುಣುಪಾಗಿದ್ದರೂ ಅದರಿಂದ ಆದ ಅನ್ಯಾಯವು ಸಣ್ಣದಲ್ಲ. ಅದರ ಫಲವನ್ನು ಉಂಡವರು ನಮ್ಮವರೇ.

ಭಾಷೆಯ ಕ್ಷೇತ್ರಕ್ಕೆ ಬಂದರೆ ಮನಸ್ಸು ಹಗುರಾಗುತ್ತದೆ. ಹಿರಿಯೂರಿನಿಂದ ಮೂಡಲಿಗೆ ಸ್ವಲ್ಪ ದೂರ ನಡೆದರೆ ತೆಲುಗು ಕಿವಿಗೆ ಬೀಳುತ್ತದೆ. ನಮ್ಮ ‘ಕೆರೆ’ ಅಲ್ಲಿ ‘ಚೆರುವು’, ನಮ್ಮ ‘ಕಿವಿ’ ಅಲ್ಲಿ ‘ಚೆವಿ’. ತಮಿಳಿನಲ್ಲಿಯೂ ಕಿವಿಯು ‘ಚೆವಿ’ಯೇ. ಒಂದೆರಡು ಶಬ್ದಗಳು ಹೀಗೆ ಹೋಲಿದರೆ ಅದನ್ನು ಆಕಸ್ಮಿಕವೆನ್ನಬಹುದು, ಎರವಲೆನ್ನಬಹುದು. ಆದರೆ ಇ, ಎ ಸ್ವರಗಳ ಮುಂದೆ ಕನ್ನಡದ ಕಕಾರಕ್ಕೆ ನೆರೆಯ ಭಾಷೆಗಳ ಚಕಾರವು ಶಬ್ದದಿಂದ ಶಬ್ದಕ್ಕೆ ನಿಯತವಾಗಿ ಎದುರು ನಿಲ್ಲುವುದನ್ನು ಕಂಡಾಗ, ಈ ವ್ಯತ್ಯಾಸವೇ ಬಾಂಧವ್ಯದ ಸಾಕ್ಷಿಯಾಗಿ ಪರಿಣಮಿಸುತ್ತದೆ. 1816ರಲ್ಲಿ ಎಲ್ಲಿಸನೂ 1856ರಲ್ಲಿ ಕಾಲ್ಡ್‌ವೆಲ್ಲನೂ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದುವಲ್ಲ, ತಮ್ಮಲ್ಲಿ ತಾವು ಒಂದು ಕುಟುಂಬ ಎಂದು ತೋರಿಸಿದುದು ಇಂತಹ ಹೋಲಿಕೆಯ ಬಲದಿಂದ. ಬರಿಯ ಸಾದೃಶ್ಯಕ್ಕಿಂತ ನಿಯತವಾದ ವೈಷಮ್ಯವು ಹೆಚ್ಚು ನಂಬಲರ್ಹ ಎಂಬುದು ಭಾಷಾಶಾಸ್ತ್ರವು ಉಳಿದ ಶಾಸ್ತ್ರಗಳಿಗೆ ಕೊಟ್ಟ ಬಹುಮೂಲ್ಯವಾದ ಕಾಣಿಕೆಯೆಂದು ನಾನು ಭಾವಿಸಿದ್ದೇನೆ.

ಕಕಾರದ ವಿಷಯದಲ್ಲಿ ಹಳೆಯದನ್ನು ಕಾಪಾಡಿಕೊಂಡ ಕನ್ನಡವು ಪಕಾರದ ವಿಷಯದಲ್ಲಿ ತಾನೇ ಬದಲಾಯಿತು: ‘ಪಾಲ್’ ಎಂಬುದು ಹಾಲಾಯಿತು, ‘ಪುಲಿ’ಯು ಹುಲಿಯಾಯಿತು. ಈ ಬದಲಾವಣೆಯು ಎರವಲು ಶಬ್ದಗಳಿಗೆ ಗಡಿಯಾರವಾಗಿಯೂ ಒದಗುತ್ತದೆ. ಸಂಸ್ಕೃತದ ಪರ್ವವು ನಮ್ಮಲ್ಲಿ ‘ಹಬ್ಬ’ವೂ ಆಗಿದೆ, ‘ಪರ್ವ’ವಾಗಿಯೂ ಉಳಿದಿದೆ, ಪೂರ್ಣಿಮೆಯು ‘ಹುಣ್ಣಿಮೆ’, ಪ್ರವಾಳವು ‘ಹವಳ’. ಪಕಾರವು ಹಕಾರವಾಗುವುದಕ್ಕೆ ಮೊದಲೇ ಜನರ ನಾಲಗೆಗೆ ಬಂದಿದ್ದ ಮಾತುಗಳು ಆ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋದುವು. ಓದಿದವರ ಬಾಯಿಂದ ಮತ್ತೆ ಬಂದ ತತ್ಸಮಗಳು ಪಕಾರವನ್ನು ಹಾಗೆಯೇ ಇಟ್ಟುಕೊಂಡುವು. ಮನೆಯಲ್ಲಿ ಹಬ್ಬವನ್ನು ಆಚರಿಸಿ ಪಂಚಾಂಗದಲ್ಲಿ ಪರ್ವಕಾಲವನ್ನು ನೋಡುವ ನಾವು ಎರಡು ಯುಗಗಳನ್ನು ಒಂದೇ ದಿನ ಉಚ್ಚರಿಸುತ್ತೇವೆ.

ಒಂದೇ ಮೂಲದ ಭಾಷೆಗಳು ಬೇರೆಯಾದುದಕ್ಕೆ ತಿರುಗುಮುರುಗಾದ ಒಂದು ದೃಷ್ಟಾಂತವು ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್‌ವಾಡದಲ್ಲಿದೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕನ್ನೂ ಆಡುವ ಆ ಊರಿನಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ವಾಕ್ಯಕ್ಕೆ ವಾಕ್ಯವನ್ನು ಇಟ್ಟು ಹೋಲಿಸಿ 1971ರಲ್ಲಿ ಪ್ರಕಟಿಸಿದ ಪರಿಣಾಮವು ಆಶ್ಚರ್ಯಕರವಾದುದು: ಶಬ್ದಗಳು ಬೇರೆ, ಆದರೆ ಶತಮಾನಗಳ ನೆರೆಹೊರೆಯಿಂದ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ಮೂಲದಲ್ಲಿ ಒಂದಾಗಿದ್ದು ಬೇರೆಯಾದ ಕನ್ನಡ ತೆಲುಗುಗಳೂ ಮೂಲದಲ್ಲಿ ಬೇರೆಯಾಗಿದ್ದು ಒಂದಾಗುತ್ತ ಬಂದ ಕನ್ನಡ ಮರಾಠಿಗಳೂ ಮೇಲುನೋಟಕ್ಕೆ ಒಂದೇ ಬಗೆಯ ‘ಹೋಲಿಕೆ’ಯನ್ನು ತೋರುತ್ತವೆ, ಯಾವುದು ರಕ್ತಸಂಬಂಧ, ಯಾವುದು ನೆರೆಸಂಬಂಧ ಎಂಬುದನ್ನು ತಿಳಿಯಲು ಭಾಷೆಯ ಯಾವ ಪದರವನ್ನು ಹೋಲಿಸುತ್ತಿದ್ದೇವೆಂಬ ಎಚ್ಚರವು ಬೇಕು.

ತಾಳೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡ ಗ್ರಂಥಸಂಪಾದಕನ ನ್ಯಾಯವೂ ಇದೇ. ಎರಡು ಪ್ರತಿಗಳು ಸರಿಯಾದ ಪಾಠದಲ್ಲಿ ಒಮ್ಮತವಾಗಿದ್ದರೆ ಅದರಿಂದ ಅವುಗಳ ಸಂಬಂಧ ತಿಳಿಯದು. ಒಂದೇ ತಪ್ಪನ್ನು ಒಂದೇ ಎಡೆಯಲ್ಲಿ ಮಾಡಿದ್ದರೆ ಅವು ಒಂದೇ ಮಾತೃಕೆಯ ಮಕ್ಕಳೆಂಬುದು ಹೊರಬೀಳುತ್ತದೆ. ಸುಖಠಣಕರರ ಮಹಾಭಾರತ ಸಂಪಾದನೆಯೂ ಡಿ. ಎಲ್. ನರಸಿಂಹಾಚಾರ್ಯರು ಸಂಪಾದಿಸಿದ ವಡ್ಡಾರಾಧನೆಯೂ ಇಂತಹ ಪಾಠಾಂತರ ವಿವೇಕದ ಮೇಲೆ ನಿಂತಿರುವ ಕೃತಿಗಳು.

ಚಿತ್ರದುರ್ಗ ಜಿಲ್ಲೆಯ ನೆಲವಂತೂ ಹೋಲಿಕೆಯ ಪಾಠಶಾಲೆಯೇ ಸರಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದಾಗ, ಉತ್ತರದ ರೂಪನಾಥ, ಸಹಸ್ರಾಮಗಳ ಬಂಡೆಗಳಲ್ಲಿ ಅದೇ ಸಂದೇಶದ ಪ್ರತಿಗಳು ಮೊದಲೇ ದೊರೆತಿದ್ದುವು. ಸಂದೇಶವು ಒಂದೇ ಆದ್ದರಿಂದ ಇಲ್ಲಿಯ ವಿಶೇಷವೇನೆಂಬುದು ಎದ್ದು ಕಂಡಿತು: ಇಲ್ಲಿಯ ಪ್ರತಿಯು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನಿಂದ ಇಸಿಲದ ಮಹಾಮಾತ್ರರಿಗೆ ಬಂದುದು, ತಂದೆತಾಯಿಗಳಿಗೂ ಗುರುವಿಗೂ ವಿಧೇಯರಾಗಿರಬೇಕೆಂಬ ಮಾತು ಇಲ್ಲಿ ಸೇರಿದೆ, ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ಬ್ರಾಹ್ಮಿಯಲ್ಲಿ ತನ್ನ ಹೆಸರನ್ನು ಬರೆದು, ‘ಲಿಪಿಕಾರನಿಂದ’ ಎಂಬ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಹರಿಯುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ವಾಯವ್ಯದ ಗಾಂಧಾರ ಸೀಮೆಯ ಲಿಪಿಯನ್ನು ಬಲ್ಲ ಒಬ್ಬ ಬರಹಗಾರನು ನಮ್ಮ ಕಗ್ಗಲ್ಲಿನ ಮುಂದೆ ಕುಳಿತಿದ್ದನೆಂಬುದನ್ನು ಆ ಒಂದೇ ಪದವು ಹೇಳುತ್ತದೆ. ಆ ಬಂಡೆಯ ಎದುರು ನಿಂತಾಗಲೆಲ್ಲ ನನಗೆ ಚಕ್ರವರ್ತಿಗಿಂತ ಈ ಚಪಡನ ಕೈಯೇ ಹತ್ತಿರವೆನಿಸಿದೆ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದನು. ಅದಕ್ಕೆ ಮುಂಚೆಯೇ ಎಂ. ಎಚ್. ಕೃಷ್ಣ ಅವರು ಅಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಅಗೆದು ಅಡಿಪಾಯ ಹಾಕಿದ್ದರೆಂಬುದನ್ನು ಮರೆಯಬಾರದು. ಕೆಳಗೆ ಕಲ್ಲುಕೊಡಲಿಯ ಜನ, ನಡುವೆ ಬೃಹತ್‌ಶಿಲಾ ಸಮಾಧಿಗಳ ಜನ, ಮೇಲೆ ಆಂಧ್ರ ಸಂಸ್ಕೃತಿ ಎಂದು ಮೂರು ಪದರಗಳು ಸ್ಪಷ್ಟವಾದುವು. ಆದರೆ ಯಾವ ಪದರಕ್ಕೂ ಇಸವಿಯಿರಲಿಲ್ಲ. ವೀಲರ್ ಮಾಡಿದ ಯುಕ್ತಿ ಇದು: 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಕಾಲನಿಶ್ಚಿತವಾದ ರೋಮನ್ ಮಡಕೆಗಳ ಜೊತೆಯಲ್ಲಿ ತನಗೆ ದೊರೆತಿದ್ದ ಚಕ್ರಾಂಕಿತ ಅಲಂಕಾರದ ಒಂದು ಬಗೆಯ ಬೋಗುಣಿಯ ಚೂರುಗಳು ಬ್ರಹ್ಮಗಿರಿಯ ಮೇಲಣ ಪದರದಲ್ಲಿಯೂ ಸಿಕ್ಕಿದುದರಿಂದ, ಕಡಲತೀರದ ಇಸವಿಯನ್ನು ಒಳನಾಡಿಗೆ ಎಳೆದು ತಂದನು. ಈ ಎಳೆಯು ಗಟ್ಟಿಯಾಗಿಯೇ ಇದ್ದಿತು. ಆದರೆ ಅಲ್ಲಿಂದ ಕೆಳಗಿಳಿದು, ಪದರದ ದಪ್ಪವನ್ನು ನೋಡಿ ಅವಧಿಯನ್ನು ಊಹಿಸಿ, ಕಲ್ಲುಕೊಡಲಿಯ ಜನರನ್ನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದೊಳಗೇ ತುರುಕಿದ್ದು ನಿಲ್ಲಲಿಲ್ಲ. ಉಟ್ನೂರು, ತೆಕ್ಕಲಕೋಟೆ, ಹಳ್ಳೂರುಗಳ ಇದ್ದಿಲಿನ ಇಂಗಾಲ ಪರೀಕ್ಷೆಗಳು ಬಂದ ಮೇಲೆ ಆ ಜನರ ಕಾಲವು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಸರಿಯಿತು. ಹೋಲಿಕೆಯು ಕ್ರಮವನ್ನು ಸರಿಯಾಗಿ ತೋರಿಸಿತ್ತು. ಅವಧಿಯನ್ನು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಮಡಕೆಯನ್ನೂ ಗಾಜನ್ನೂ ಎದುರಿಗೆ ಇಟ್ಟುಕೊಳ್ಳಬಹುದು. ಜೀವಂತವಾದ ಊರುಗಳನ್ನು ಹಾಗೆ ಇಟ್ಟುಕೊಳ್ಳುವುದು ಹೇಗೆ? ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿ 1962ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಉತ್ತರವಾಗಿದೆ. ವಂಗಲ, ದಲೇನ ಎಂಬ ಕಲ್ಪಿತನಾಮಗಳಿಂದ ಆಕೆ ಕರೆದ ಆ ಊರುಗಳು ಭಾಷೆ, ಜಾತಿಗಳ ಬಗೆ, ಹಳೆಯ ಬೇಸಾಯ ಎಲ್ಲದರಲ್ಲಿಯೂ ಒಂದೇ. ನಾಲೆಯ ನೀರು ವಂಗಲಕ್ಕೆ ಬಂದಿತು, ಎತ್ತರದಲ್ಲಿದ್ದ ದಲೇನಕ್ಕೆ ಏರಲಿಲ್ಲ. ನೀರು ಬಂದ ಊರೇ ಬದಲಾಗುವುದೆಂದು ಯಾರಾದರೂ ಊಹಿಸುವರು. ಆದುದು ಬೇರೆ. ಕಬ್ಬು ಬೆಳೆದು ಉಳ್ಳವರಾದ ವಂಗಲದವರ ಬೇಸಾಯವು ಹಳೆಯ ಒಡೆಯ ಆಳುಗಳ ವಂಶಪಾರಂಪರ್ಯ ಸಂಬಂಧವನ್ನೇ ಬೇಡಿದುದರಿಂದ ಅದು ಇನ್ನಷ್ಟು ಬಲವಾಯಿತು. ನೀರಿಲ್ಲದ ದಲೇನದವರು ಮಂಡ್ಯದ ಕಾರ್ಖಾನೆ, ಕಚೇರಿ, ವ್ಯಾಪಾರಗಳಿಗೆ ಹೊರಟು ಆ ಸಂಬಂಧವನ್ನು ಕಡಿದುಕೊಂಡರು. ಒಂದೇ ಊರನ್ನು ನೋಡಿದ್ದರೆ ಈ ಮಾತು ಯಾರಿಗೂ ಹೊಳೆಯುತ್ತಿರಲಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಕಟ್ಟೆಯ ಕೆಳಗಣ ಹಿರಿಯೂರಿನ ತೋಟದ ಸೀಮೆಯನ್ನೂ, ಅದೇ ನದಿಯ ಮೇಲುಗಡೆಯಲ್ಲಿ ಮಳೆಯ ದಾರಿ ಕಾಯುವ ನಮ್ಮ ಹೊಸದುರ್ಗದ ಹೊಲಗಳನ್ನೂ ನೋಡುವಾಗ ನಾನು ಆ ಎರಡು ಹಳ್ಳಿಗಳನ್ನು ನೆನೆಯುತ್ತೇನೆ. ಇಲ್ಲಿಯಾದರೋ ಮಣ್ಣು ಬೇರೆ, ಇತಿಹಾಸ ಬೇರೆ. ನೀರೊಂದನ್ನೇ ಕಾರಣವೆಂದು ಹೇಳುವ ಅನುಕೂಲ ನಮಗಿಲ್ಲ.

ಕೊನೆಗೆ ಗಾಜಿಗೇ ಹಿಂದಿರುಗಬೇಕು. ಪ್ರಾಚೀನ ಗಾಜಿನ ಚೂರುಗಳ ರಾಸಾಯನಿಕ ಪೃಥಕ್ಕರಣವು ಕಳೆದ ಕೆಲವು ದಶಕಗಳಲ್ಲಿ ಬಹಳ ಮುಂದುವರಿದಿದೆ. ಮರಳು ಕರಗಬೇಕಾದರೆ ಕ್ಷಾರ ಬೇಕು. ರೋಮನ್ ಗಾಜಿನವರು ಈಜಿಪ್ಟಿನ ಒಣ ಸರೋವರಗಳ ನೇಟ್ರಾನ್ ಎಂಬ ಉಪ್ಪನ್ನು ಬಳಸಿದರು. ಮತ್ತೆ ಕೆಲವು ನಾಡುಗಳವರು ಗಿಡಗಳ ಬೂದಿಯನ್ನು ಬಳಸಿದರು, ಅಂತಹ ಗಾಜಿನಲ್ಲಿ ಮೆಗ್ನೀಷಿಯಾ ನೂರಕ್ಕೆ 1.5 ಭಾಗವನ್ನು ಮೀರಿರುತ್ತದೆ. ಭಾರತದ ಒಂದು ವಿಶಿಷ್ಟವಾದ ಗಾಜಿನಲ್ಲಿ ಮೆಗ್ನೀಷಿಯಾ ಕಡಮೆ, ಅಲ್ಯೂಮಿನಾ ಮಾತ್ರ ರೋಮನ್ ಗಾಜಿಗಿಂತ ಬಹಳ ಹೆಚ್ಚು. ಬೇಸಗೆಯಲ್ಲಿ ನೆಲದ ಮೇಲೆ ಹೂತು ಬರುವ ಚೌಳನ್ನು ಕಣಶಿಲೆ ಸವೆದಾದ ಮರಳಿನೊಡನೆ ಕರಗಿಸಿದರೆ ಹಾಗಾಗುತ್ತದೆ. ಆಗ್ನೇಯ ಏಷ್ಯದಲ್ಲಿಯೂ ಆಫ್ರಿಕದ ಪೂರ್ವತೀರದಲ್ಲಿಯೂ ದೊರೆತ ಪುಟ್ಟ ಮಣಿಗಳನ್ನು ಭಾರತದ ಗಾಜೆಂದು ಗುರುತಿಸಲು ಸಾಧ್ಯವಾದುದು ಈ ಲಕ್ಷಣದಿಂದ. ಆದರೆ ಬಣ್ಣದ ವಿಷಯದಲ್ಲಿ ಬರಿಯ ಅಂಕಿಗಳು ಸಾಲವು: ಅದೇ ತಾಮ್ರವು ಗಾಳಿಯಾಡುವ ಕುಲುಮೆಯಲ್ಲಿ ಹಸಿರನ್ನೋ ನೀಲಿಯನ್ನೋ ಕೊಡುತ್ತದೆ, ಹೊಗೆ ಕವಿದು ಉಸಿರುಗಟ್ಟಿದ ಕುಲುಮೆಯಲ್ಲಿ ಕೆಂಪನ್ನು ಕೊಡುತ್ತದೆ. ತೂಕ ಮಾಡಿದರೆ ಹಸಿರು ಬಳೆಯೂ ಕೆಂಪು ಬಳೆಯೂ ಒಂದೇ ಎಂದು ಬರಬಹುದು. ಬೇರೆಯಾದುದು ಬೆಂಕಿಯ ಉಸಿರು, ಅದನ್ನು ಊದಿದವನ ಕೈ.

ಅದರಿಂದ ಒಂದು ಆಸೆ ನನ್ನಲ್ಲಿ ಬಹುದಿನದಿಂದ ಇದೆ. ಮತ್ತೋಡಿನ ಸುತ್ತಣ ಚೌಳು ನೆಲದಿಂದ ಬೇಸಗೆಯ ಒಂದು ಹಿಡಿ ಬಿಳಿಯ ಮಣ್ಣು, ಹತ್ತಿರದ ಗುಡ್ಡದಿಂದ ಒಂದು ತುಂಡು ಬೆಣಚುಕಲ್ಲು, ಯಾವುದಾದರೊಂದು ಹಳೆಯ ಮನೆಯ ಸಂದೂಕದಲ್ಲಿ ಮುತ್ತಜ್ಜಿಯ ಕಾಲದಿಂದ ಉಳಿದಿರಬಹುದಾದ ಕರಿಯ ಬಳೆಯ ಒಂದು ಚೂರು, ಈ ಮೂರನ್ನೂ ಮೂರು ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ಊರು, ದಿನ, ತೆಗೆದ ಎಡೆ ಇವನ್ನು ಬರೆದು, ಒಂದೇ ಮೇಜಿನ ಮೇಲೆ, ಒಂದೇ ಯಂತ್ರದ ಮುಂದೆ ಇಡಬೇಕು. ಅದಕ್ಕೂ ಮುಂಚೆ, ಆ ಚೂರನ್ನು ಒಮ್ಮೆ ಅಂಗಳದ ಬಿಸಿಲಿಗೆ ಹಿಡಿದು ಅಂಚು ಹಸಿರೋ ನೇರಳೆಯೋ ಎಂದು ನೋಡಿ ಬರೆದುಕೊಳ್ಳಬೇಕು.